ಒಂದೇ ಡಬ್ಲ್ಯೂಎಸ್‌ಡಿಎಲ್ ಒಂದು ಟೂಲಿಗೆ ಸರಿ, ಇನ್ನೊಂದಕ್ಕೆ ಎರರ್. ಬಗ್ ಯಾವುದರಲ್ಲಿದೆ?

ಟೆಸ್ಟಿಂಗ್ ಟೂಲಿನಲ್ಲಿ ಡಬ್ಲ್ಯೂಎಸ್‌ಡಿಎಲ್, ಅಂದರೆ ವೆಬ್ ಸರ್ವಿಸನ್ನು ಹೇಗೆ ಕರೆಯಬೇಕೆಂದು ಹೇಳುವ ಫೈಲ್, ಸಲೀಸಾಗಿ ತೆರೆಯುತ್ತದೆ, ಜಾವಾದಲ್ಲಿ ಕೋಡ್ ತೆಗೆಯಲು ಹೋದರೆ ಟೈಪ್ ಸಿಗಲಿಲ್ಲ ಅನ್ನುತ್ತದೆ ಎಂದಿದ್ದೀರಿ. ಟೂಲ್ ಬಿಡಿ, ಮೊದಲು ಫೈಲನ್ನೇ ಅನುಮಾನಿಸಿ.

ನಾನು ಬೆಳಗಾವಿಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುತ್ತೇನೆ. ಕಬ್ಬಿನ ಬಿಲ್ಲು ರೈತರ ಖಾತೆಗೆ ಹೋಗಬೇಕಾದರೆ ಬ್ಯಾಂಕಿನವರ ಸೋಪ್ ಸರ್ವಿಸ್ (ಎಕ್ಸ್‌ಎಂಎಲ್ ಸಂದೇಶಗಳಲ್ಲಿ ಮಾತಾಡುವ ವೆಬ್ ಸರ್ವಿಸ್) ಬೇಕೇ ಬೇಕು, ಹಾಗಾಗಿ ಈ ಫೈಲುಗಳ ಸಹವಾಸ ತಪ್ಪಿಲ್ಲ.

ಈ ಗೊಂದಲ ಹಳೇದು. 2001ರಲ್ಲಿ ಬಂದ ಡಬ್ಲ್ಯೂಎಸ್‌ಡಿಎಲ್ 1.1 ದಾಖಲೆಯಲ್ಲೇ, ಅದರ ಇಂಪೋರ್ಟ್‌ನಿಂದ (ಬೇರೆ ಫೈಲನ್ನು ಸೇರಿಸಿಕೊಳ್ಳುವ ಸಾಲು) ನೇರವಾಗಿ ಎಕ್ಸ್‌ಎಸ್‌ಡಿ, ಅಂದರೆ ಡೇಟಾದ ಟೈಪುಗಳನ್ನು ಬರೆದಿಡುವ ಸ್ಕೀಮಾ ಫೈಲ್, ಎಳೆದುಕೊಂಡ ಉದಾಹರಣೆ ಇದೆ. ಬೇರೆಬೇರೆ ಟೂಲುಗಳು ಒಂದಕ್ಕೊಂದು ಹೊಂದಲೆಂದು ಮಾಡಿದ ನಿಯಮಗಳ ಪಟ್ಟಿ, 2004ರ ಡಬ್ಲ್ಯೂಎಸ್-ಐ ಬೇಸಿಕ್ ಪ್ರೊಫೈಲ್, ಅದನ್ನು ಒಪ್ಪಲಿಲ್ಲ. ಆ ಇಂಪೋರ್ಟ್ ಇನ್ನೊಂದು ಡಬ್ಲ್ಯೂಎಸ್‌ಡಿಎಲ್‌ಗೆ ಮಾತ್ರ. ಎಕ್ಸ್‌ಎಸ್‌ಡಿ ಬೇಕಾದರೆ ಡಬ್ಲ್ಯೂಎಸ್‌ಡಿಎಲ್‌ನ ಟೈಪ್ಸ್ ಭಾಗದ ಒಳಗಿನ ಸ್ಕೀಮಾದಲ್ಲಿ, ಸ್ಕೀಮಾದ್ದೇ ಇಂಪೋರ್ಟ್ ಹಾಕಬೇಕು. ಕೆಲವು ಟೂಲ್ ಹಳೇ ರೀತಿಯನ್ನೂ ಸಹಿಸಿಕೊಳ್ಳುತ್ತವೆ, ಕೆಲವು ಸಹಿಸಲ್ಲ.

ನನ್ನ ಗುಮಾನಿ ಮಾತ್ರ ಬೇರೆ ಕಡೆ. ಎಕ್ಸ್‌ಎಸ್‌ಡಿ ಎಲ್ಲಿದೆ ಎಂದು ಇಂಪೋರ್ಟಿನಲ್ಲಿ ಹೇಳುವ ಸ್ಕೀಮಾಲೊಕೇಶನ್ ಬರೀ ಸುಳಿವು, ಫೈಲ್ ಓದುವ ಪಾರ್ಸರ್ ಅದನ್ನು ಪಾಲಿಸಲೇಬೇಕು ಅಂತೇನಿಲ್ಲ. ಒಂದೇ ನೇಮ್‌ಸ್ಪೇಸಿನ (ಟೈಪುಗಳ ಗುಂಪಿಗೆ ಕೊಡುವ ಹೆಸರು) ಟೈಪುಗಳನ್ನು ಎರಡು ಎಕ್ಸ್‌ಎಸ್‌ಡಿಗೆ ಹಂಚಿ ಎರಡನ್ನೂ ಇಂಪೋರ್ಟ್ ಮಾಡಿದರೆ, ಜಾವಾದ ಪಾರ್ಸರ್ ಅಪಾಚೆ ಝರ್ಸೀಸ್ ಮಾಮೂಲಿಯಾಗಿ ಮೊದಲನೆಯದನ್ನಷ್ಟೇ ಓದುತ್ತದೆ. ಎರಡನೆಯದರ ಟೈಪು ಅದರ ಪಾಲಿಗೆ ಇಲ್ಲವೇ ಇಲ್ಲ. ನಾವು ಸುಮ್ನೆ ಸ್ಪೆಲ್ಲಿಂಗ್ ತಿದ್ದುತ್ತಾ ಕೂರುತ್ತೇವೆ! ಎರಡನ್ನೂ ಇನ್‌ಕ್ಲೂಡ್ ಮಾಡುವ ಮೂರನೇ ಎಕ್ಸ್‌ಎಸ್‌ಡಿ ಒಂದನ್ನು ಬರೆದು, ಅದನ್ನು ಮಾತ್ರ ಇಂಪೋರ್ಟ್ ಮಾಡಿ ನೋಡಿ.

ಅದಲ್ಲದಿದ್ದರೆ ಪಾತ್ ನೋಡಿ. ನಮಗೆ ಬಂದಿದ್ದ ಒಂದು ಫೈಲಿನಲ್ಲಿ ಸ್ಕೀಮಾಲೊಕೇಶನ್ 10ರಿಂದ ಶುರುವಾಗುವ ಐಪಿ ಆಗಿತ್ತು. ಅಂದರೆ ಅದು ಕಳಿಸಿದವರ ಒಳಗಿನ ನೆಟ್‌ವರ್ಕಿನ ಸರ್ವರ್. ಅವರ ನೆಟ್‌ವರ್ಕಿಗೆ ವಿಪಿಎನ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಆಗುತ್ತಿತ್ತು, ಕಾರ್ಖಾನೆಯ ಸರ್ವರಿನಲ್ಲಿ ಆಗುತ್ತಿರಲಿಲ್ಲ. ಕಬ್ಬು ನುರಿಸುವ ಸೀಸನ್ ಬೇರೆ, ಅಕೌಂಟ್ಸ್‌ನವರ ಫೋನ್ ನಿಲ್ಲಲೇ ಇಲ್ಲ.

ಅಂದಿನಿಂದ ಎಲ್ಲ ಫೈಲನ್ನೂ ಇಳಿಸಿಕೊಂಡು, ಒಂದೇ ಫೋಲ್ಡರಿನಲ್ಲಿಟ್ಟು, ಲೊಕೇಶನ್‌ನಲ್ಲಿ ಬರೀ ಫೈಲಿನ ಹೆಸರು ಹಾಕುತ್ತೇವೆ. ಇಂಪೋರ್ಟಿನಲ್ಲಿ ಬರೆದ ನೇಮ್‌ಸ್ಪೇಸ್, ಇಂಪೋರ್ಟ್ ಆಗುವ ಫೈಲಿನ ಟಾರ್ಗೆಟ್‌ನೇಮ್‌ಸ್ಪೇಸ್‌ಗೆ ಅಕ್ಷರಶಃ ಸರಿಹೊಂದಬೇಕು, ಕೊನೆಯ ಸ್ಲ್ಯಾಶ್ ಕೂಡ. ಫೈಲಿನ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರವನ್ನು ವಿಂಡೋಸ್ ಕ್ಷಮಿಸುತ್ತದೆ, ಲಿನಕ್ಸ್ ಕ್ಷಮಿಸಲ್ಲ.

ಎದುರಿನವರದ್ದು ಡಾಟ್‌ನೆಟ್ 4.5 ಅಥವಾ ಆಮೇಲಿನ ಡಬ್ಲ್ಯೂಸಿಎಫ್ (ವೆಬ್ ಸರ್ವಿಸ್ ಕಟ್ಟುವ ಮೈಕ್ರೋಸಾಫ್ಟಿನ ಫ್ರೇಮ್‌ವರ್ಕ್) ಸರ್ವಿಸ್ ಆಗಿದ್ದರೆ ಇಷ್ಟೆಲ್ಲ ಬೇಡ. ವಿಳಾಸದ ಕೊನೆಯ ಡಬ್ಲ್ಯೂಎಸ್‌ಡಿಎಲ್ ಜಾಗದಲ್ಲಿ ಸಿಂಗಲ್‌ಡಬ್ಲ್ಯೂಎಸ್‌ಡಿಎಲ್ ಅಂತ ಹಾಕಿ, ಎಲ್ಲ ಸ್ಕೀಮಾ ಒಂದೇ ಫೈಲಿನಲ್ಲಿ ಬರುತ್ತದೆ.