ಪ್ರತಿಕ್ರಿಯೆ: ಅಧಿಕ ವರ್ಷದ ಪ್ರೋಗ್ರಾಂ 1900ಕ್ಕೆ ತಪ್ಪು ಉತ್ತರ ಕೊಡುವುದೇಕೆ?

ನಮಸ್ಕಾರ. ನಾಲ್ಕರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದರೆ ಅಧಿಕ ವರ್ಷ ಎಂದು ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ 1900ಕ್ಕೆ ಮಾತ್ರ ಏಕೆ ತಪ್ಪುತ್ತಿದೆ, ಇದಾದ ಮೇಲೆ ಯಾವ ಅಭ್ಯಾಸ ಮಾಡಬೇಕು ಎಂದು ತಾವು ಕೇಳಿದ್ದೀರಿ. ತಮ್ಮ ಕೋಡ್ ಸರಿಯಾಗಿಯೇ ಓಡುತ್ತಿದೆ. ಅದಕ್ಕೆ ಕೊಟ್ಟ ನಿಯಮ ಅರ್ಧ ಮಾತ್ರ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಕ್ಯಾಲೆಂಡರಿನ ಪ್ರಕಾರ, ನೂರರಿಂದ ನಿಶ್ಶೇಷವಾಗಿ ಭಾಗವಾಗುವ ವರ್ಷವು ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷವೆನಿಸುತ್ತದೆ. ಆದ್ದರಿಂದಲೇ 2000ದಲ್ಲಿ ಫೆಬ್ರವರಿ 29 ಇತ್ತು, 1900ರಲ್ಲಿ ಇರಲಿಲ್ಲ. (ಎಕ್ಸೆಲ್ ಇಂದಿಗೂ 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತದೆ, ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶದೊಂದಿಗೆ ಹೊಂದಿಕೊಳ್ಳಲು ಆ ದೋಷವನ್ನು ಬೇಕೆಂದೇ ಉಳಿಸಿಕೊಳ್ಳಲಾಗಿದೆ.)

ಷರತ್ತುಗಳನ್ನು ಇಫ್, ಎಲಿಫ್‌ಗಳಲ್ಲಿ (ಎಲಿಫ್ ಎಂದರೆ ಮೇಲಿನ ಷರತ್ತು ಸುಳ್ಳಾದಾಗ ಮಾತ್ರ ನೋಡುವ ಮುಂದಿನ ಷರತ್ತು) 400, 100, 4 ಎಂಬ ಕ್ರಮದಲ್ಲಿ ಬರೆಯಿರಿ. ನಾಲ್ಕರ ಪರೀಕ್ಷೆಯನ್ನು ಮೊದಲು ಇಟ್ಟರೆ 1900 ಅಲ್ಲಿಯೇ ತೇರ್ಗಡೆಯಾಗುತ್ತದೆ, ಕೆಳಗಿನ ಸಾಲುಗಳು ಓಡುವುದೇ ಇಲ್ಲ. ಬರೆದಾದ ಮೇಲೆ 1900, 2000, 2023, 2024 ಈ ನಾಲ್ಕನ್ನೂ ಕೊಟ್ಟು ನೋಡಿ. ಪ್ರತಿಯೊಂದೂ ಬೇರೆ ಬೇರೆ ಕವಲನ್ನು ಪರೀಕ್ಷಿಸುತ್ತದೆ.

ಮುಂದಿನ ಅಭ್ಯಾಸಕ್ಕೆ ನಕ್ಷತ್ರಗಳ ಪಿರಮಿಡ್ ಮುದ್ರಿಸುವುದಕ್ಕಿಂತ ಇದನ್ನೇ ಬೆಳೆಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಈ ತರ್ಕವನ್ನು ಒಂದು ಫಂಕ್ಷನ್ ಆಗಿಸಿ, ತಿಂಗಳುಗಳ ದಿನಗಳನ್ನು ಒಂದು ಲಿಸ್ಟ್‌ನಲ್ಲಿ ಇಟ್ಟುಕೊಂಡು, ಕೊಟ್ಟ ದಿನಾಂಕವು ಆ ವರ್ಷದ ಎಷ್ಟನೆಯ ದಿನ ಎಂಬುದನ್ನು ಲೂಪ್ ಮೂಲಕ ಕಂಡುಹಿಡಿಯಿರಿ. ರಾಜ್ಯೋತ್ಸವದ ದಿನವಾದ ನವೆಂಬರ್ 1ಕ್ಕೆ 2023ರಲ್ಲಿ 305, 2024ರಲ್ಲಿ 306 ಬರಬೇಕು.