ಕೋತಿಗಳಲ್ಲಿ ಗೆದ್ದ ಎಚ್‌ಐವಿ ಡಿಎನ್‌ಎ ಲಸಿಕೆ ಮನುಷ್ಯರಿಗೆ ಏಕೆ ಬರಲಿಲ್ಲ?

‘ಗೆದ್ದ’ ಎನ್ನುವುದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಡಿಎನ್‌ಎ ಲಸಿಕೆಯಲ್ಲಿ ವೈರಾಣು ಇರುವುದಿಲ್ಲ. ಅದರ ಕೆಲವು ಜೀನ್‌ಗಳು ಮಾತ್ರ ಇರುತ್ತವೆ. ನಮ್ಮ ಜೀವಕೋಶಗಳೇ ಆ ಜೀನ್‌ಗಳ ಸೂಚನೆಯಂತೆ ವೈರಾಣುವಿನ ಪ್ರೋಟೀನ್‌ಗಳನ್ನು ತಯಾರಿಸಿ ರೋಗನಿರೋಧಕ ವ್ಯವಸ್ಥೆಗೆ ಪರಿಚಯಿಸುತ್ತವೆ.

ರೀಸಸ್ ಕೋತಿಗಳಲ್ಲಿ ಎಚ್‌ಐವಿ ಬೆಳೆಯುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಎಚ್‌ಐವಿಯ ಸಂಬಂಧಿಯಾದ, ಕೋತಿಗಳ ವೈರಾಣು ಎಸ್‌ಐವಿಗೆ ಎಚ್‌ಐವಿಯ ಹೊರಕವಚ ತೊಡಿಸಿ, ‘ಶಿವ್’ ಎಂಬ ಮಿಶ್ರ ವೈರಾಣುವನ್ನು ರೂಪಿಸಿದರು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಡಿಎನ್‌ಎ ಲಸಿಕೆಯ ಜೊತೆಗೆ ಐಎಲ್-2 ಎಂಬ ಪ್ರತಿರಕ್ಷಾ ಪ್ರೋಟೀನಿನ ಬಲವನ್ನೂ ಪಡೆದ ಕೋತಿಗಳಿಗೆ ಸೋಂಕು ತಗುಲಿತು. ಆದರೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ತಗ್ಗಿತು, ಕಾಯಿಲೆ ತಡೆಹಿಡಿಯಲ್ಪಟ್ಟಿತು. ಅಂದರೆ ಲಸಿಕೆ ಬಾಗಿಲು ಮುಚ್ಚಲಿಲ್ಲ, ಒಳಗೆ ಬಂದವನನ್ನು ಕಟ್ಟಿಹಾಕಿತು.

ಆ ಕಟ್ಟು ಶಾಶ್ವತವಾಗಿರಲಿಲ್ಲ. 2002ರ ವರದಿಯಂತೆ, ಹಾಗೆ ರಕ್ಷಣೆ ಪಡೆದಿದ್ದ ಒಂದು ಕೋತಿಯಲ್ಲಿ ವೈರಾಣುವಿನ ಜೀನ್ ಬರಹದ ಒಂದೇ ಒಂದು ಅಕ್ಷರ ಬದಲಾಯಿತು. ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳು ಗುರುತಿಸುತ್ತಿದ್ದ ಜಾಗ ಮರೆಯಾಗಿ, ಕೋತಿ ಏಡ್ಸ್‌ನಿಂದ ಸತ್ತಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯ ಪಾಠ ಇದೇ.

ಪರೀಕ್ಷೆಗೆ ಬಳಸಿದ ಶಿವ್ ತಳಿಯೂ ಹತೋಟಿಗೆ ಸುಲಭವಾಗಿ ಸಿಗುವಂಥದ್ದು. ಅದೇ ತಳಿಯೆದುರು ಕೋತಿಗಳಲ್ಲಿ ಫಲ ನೀಡಿದ್ದ ಅಡೆನೊವೈರಸ್ (ಶೀತ ತರಬಲ್ಲ ಒಂದು ವೈರಾಣು) ಆಧಾರಿತ ಎಚ್‌ಐವಿ ಲಸಿಕೆ ಮನುಷ್ಯರಲ್ಲಿ ವಿಫಲವಾಗಿ, 2007ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.