80ರ ಮೇಲೆ ಏರಿಸಿಯೇ ಇಲ್ಲ, ಆದರೂ ಫೋನಿನ ಬ್ಯಾಟರಿ ಹೆಲ್ತ್ ಇಳಿದದ್ದು ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಹೀಗೆ. ಕಾರವಾರದಲ್ಲಿ ಮನೆ, ಕೆಲಸಕ್ಕೆ ದಿನಾ ಬೈಕಿನಲ್ಲಿ ಅಂಕೋಲಾ ಕಡೆ ಓಡಾಟ. ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ಫೋನ್ ಸಿಕ್ಕಿಸಿಕೊಳ್ಳುತ್ತೀರಿ, ಬೈಕಿನಿಂದಲೇ ಚಾರ್ಜ್ ಕೊಡುತ್ತೀರಿ. ಫೋನ್ ತಗೊಂಡು 14 ತಿಂಗಳು. ಯಾರೋ ಹೇಳಿದರು ಅಂತ ಚಾರ್ಜನ್ನು ಶೇಕಡಾ 20ರ ಕೆಳಗೆ ಇಳಿಸಿಲ್ಲ, 80ರ ಮೇಲೆ ಏರಿಸಿಲ್ಲ. ಆದರೂ ಬ್ಯಾಟರಿ ಹೆಲ್ತ್, ಅಂದರೆ ಹೊಸದರಲ್ಲಿ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಈಗ ಶೇಕಡಾ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ, 86ಕ್ಕೆ ಬಂದು ನಿಂತಿದೆ. ಎಲ್ಲಿ ತಪ್ಪಾಯ್ತು ಅಂತ ಕೇಳಿದ್ದೀರಿ.

ಹ್ಯಾಂಡಲ್ ಮೇಲೆ ತಪ್ಪಾಯ್ತು. ಉಳಿದದ್ದೆಲ್ಲ ಸರಿಯಾಗೇ ಮಾಡಿದ್ದೀರಿ. ಬೇಕಾದ್ದಕ್ಕಿಂತ ಜಾಸ್ತಿಯೇ ಸರಿಯಾಗಿ.

ನಾನು ಕುಮಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷ ಆಯ್ತು. ಊರು ಶಿರಸಿ ಕಡೆ. ಹಾಗಾಗಿ ಘಟ್ಟದ ಮೇಲಿನ ಫೋನೂ ನನ್ನ ಟೇಬಲ್ಲಿಗೆ ಬರುತ್ತದೆ, ಬೋಟಿನ ಫೋನೂ ಬರುತ್ತದೆ. ಮೊದಲೆಲ್ಲ ಬ್ಯಾಟರಿ ಹೋಯ್ತು ಅಂತ ಬಂದವರಿಗೆ "ಹೇಗೆ ಚಾರ್ಜ್ ಮಾಡ್ತೀರಿ" ಅಂತ ಕೇಳುತ್ತಿದ್ದೆ. ಈಗ "ಫೋನ್ ಎಲ್ಲಿಡ್ತೀರಿ" ಅಂತ ಕೇಳುತ್ತೇನೆ.

ಇದನ್ನು ಕಲಿಸಿದ್ದು ನಮ್ಮ ಸೋದರಮಾವ. ಅವರ ಫೋನಿಗೆ ಎರಡು ವರ್ಷದಲ್ಲಿ ಎರಡು ಬ್ಯಾಟರಿ ಹಾಕಿದ್ದೆ. ಮೊದಲ ಸಲ, ರಾತ್ರಿಯಿಡೀ ಚಾರ್ಜಿಗೆ ಹಾಕಿಡಬೇಡಿ ಅಂತ ಭಾಷಣ ಮಾಡಿ ಕಳಿಸಿದೆ. ಪಾಪ, ಹೇಳಿದ ಹಾಗೇ ಮಾಡಿದರು. ಎರಡನೆಯದೂ ಉಬ್ಬಿತು. ಆಮೇಲೆ ಒಂದು ಮಾರ್ಚ್ ತಿಂಗಳಲ್ಲಿ ಅವರ ಮನೆಗೆ ಹೋದಾಗ ವಿಷಯ ಗೊತ್ತಾಯ್ತು. ಪಡುವಣ ದಿಕ್ಕಿನ ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಒಳಗೆ. ಗೋಡೆಯ ಆಚೆ ಬಚ್ಚಲ ಒಲೆ. ಕಿಟಕಿಯ ಹಲಗೆಯ ಮೇಲೆ ಫೋನ್, ಮಗ್ಗುಲಲ್ಲೇ ಪ್ಲಗ್. ಕೈಯಲ್ಲಿ ಹಿಡಿದರೆ ಆಗಷ್ಟೇ ಕಾವಲಿಯಿಂದ ಇಳಿಸಿದ ಹಾಗಿತ್ತು. ಇಲ್ಲಿ ಯಾಕೆ ಇಟ್ಟಿದ್ದೀರಿ ಅಂದರೆ, "ಇಲ್ಲಿ ಬಿಟ್ರೆ ಇಡೀ ಮನೇಲಿ ಎಲ್ಲೂ ಟವರ್ ಸಿಗ್ತಿಲ್ಲೆ ತಮಾ" ಅಂದರು.

ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೆ ಫೋನಿಗೆ ಒಂದೇ ಜಾಗ ಇದೆ! ಕಿಟಕಿ, ಮೆತ್ತಿನ ಮೆಟ್ಟಿಲು, ಅಂಗಳದ ಕಂಬ. ಅಲ್ಲಿ ಬಿಸಿಲಿದ್ದರೆ ಬ್ಯಾಟರಿಯ ಕತೆ ಮುಗಿಯಿತು, ನೀವು 80ಕ್ಕೆ ನಿಲ್ಲಿಸಿ, 60ಕ್ಕೆ ಬೇಕಾದರೂ ನಿಲ್ಲಿಸಿ.

ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಬ್ಯಾಟರಿಯೊಳಗೆ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಹೆಚ್ಚಿನ ಫೋನ್‌ಗಳಲ್ಲಿ ಕೋಬಾಲ್ಟ್ ಇರುವ ಆಕ್ಸೈಡ್, ನಡುವೆ ಒಂದು ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಕಡೆ ಹೋಗಿ ಕೂರುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ಗ್ರಾಫೈಟ್ ಮೇಲೆ ಮೊದಲ ಸಲವೇ ಒಂದು ತೆಳು ಪೊರೆ ಕಟ್ಟುತ್ತದೆ, ಹಾಲಿಗೆ ಕೆನೆ ಕಟ್ಟಿದ ಹಾಗೆ. ಆ ಪೊರೆ ಬೇಕು, ಅದಿಲ್ಲದೆ ಬ್ಯಾಟರಿ ನಡೆಯುವುದೇ ಇಲ್ಲ. ತೊಂದರೆ ಏನೆಂದರೆ ಅದು ನಿಧಾನಕ್ಕೆ ದಪ್ಪ ಆಗುತ್ತಲೇ ಇರುತ್ತದೆ. ದಪ್ಪ ಆಗಲು ಬೇಕಾದ ಲಿಥಿಯಂ ಎಲ್ಲಿಂದ ಬರಬೇಕು? ಓಡಾಡುವ ಲಿಥಿಯಂನಿಂದಲೇ. ಹಾಗೆ ಸಿಕ್ಕಿಕೊಂಡದ್ದು ಮತ್ತೆ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ನೀವು ನೋಡುತ್ತಿರುವ 86ರಲ್ಲಿ ಕಾಣೆಯಾದ 14ರ ದೊಡ್ಡ ಪಾಲು ಅದೇ.

ಈ ಪೊರೆ ಬೇಗ ಬೆಳೆಯಲು ಬೇಕಾದದ್ದು ಎರಡು. ಒಂದು ಬಿಸಿ. ಇನ್ನೊಂದು ತುಂಬಿದ ಬ್ಯಾಟರಿ, ಯಾಕೆಂದರೆ ತುಂಬಿದಾಗ ಒಳಗಿನ ವೋಲ್ಟೇಜ್ 4.2ಕ್ಕೆ, ಈಗಿನ ಫೋನ್‌ಗಳಲ್ಲಿ 4.4ರ ಹತ್ತಿರಕ್ಕೂ ಏರಿರುತ್ತದೆ. ಎರಡರಲ್ಲಿ ಯಾವುದು ಎಷ್ಟು ಕೆಟ್ಟದ್ದು? ಬ್ಯಾಟರಿಯವರು ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 40ರಷ್ಟು ಚಾರ್ಜ್ ಇಟ್ಟು 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ನೆ ಬಿಟ್ಟರೆ 96ರಷ್ಟು ಶಕ್ತಿ ಉಳಿಯುತ್ತದೆ. ಅದೇ 40 ಡಿಗ್ರಿಯಲ್ಲಿ ಬಿಟ್ಟರೆ 85. ಪೂರ್ತಿ ತುಂಬಿಸಿ 25 ಡಿಗ್ರಿಯಲ್ಲಿಟ್ಟರೆ 80. ತುಂಬಿಸಿ, 40 ಡಿಗ್ರಿಯಲ್ಲೂ ಇಟ್ಟರೆ 65. ಬಳಸದೇ ಇದ್ದರೂ ಇಷ್ಟು! ಒಂದೊಂದೇ ಬಂದರೆ ತಡೆದುಕೊಳ್ಳುತ್ತದೆ, ಜೊತೆಯಾಗಿ ಬಂದರೆ ಇಲ್ಲ. ಮಾವನ ಕಿಟಕಿಯಲ್ಲಿ ಎರಡೂ ಜೊತೆಯಾಗಿದ್ದವು.

ಈಗ ನಿಮ್ಮ ಬೈಕಿಗೆ ಬನ್ನಿ. ಮಾರ್ಚ್‌ನಿಂದ ಮೇ ತನಕ ನಮ್ಮ ಕರಾವಳಿಯಲ್ಲಿ ನೆರಳಲ್ಲೇ 33, 34 ಡಿಗ್ರಿ. ಆಪಲ್ ಕಂಪನಿ ತನ್ನ ಫೋನ್ ಬಳಸಲು ಹೇಳುವ ಮಿತಿಯೇ 35. ನೀವು ಕಪ್ಪು ಗಾಜಿನ ಫೋನನ್ನು ಬಿಸಿಲಿಗೆ ಮುಖ ಮಾಡಿ ಕಟ್ಟಿದ್ದೀರಿ. ಮ್ಯಾಪ್ ಓಡುತ್ತಿದೆ, ಬೆಳಕು ಪೂರ್ತಿ ಏರಿಸಿದೆ, ಕೆಳಗಿನಿಂದ ಚಾರ್ಜ್ ಹೋಗುತ್ತಿದೆ. ಸಿಗ್ನಲ್ ಕಡಿಮೆ ಇರುವ ತಿರುವು ಬಂದಾಗ ಫೋನ್ ಟವರ್ ಹುಡುಕಲು ಜೋರು ಮಾಡುತ್ತದೆ, ಅದೂ ಬಿಸಿಯೇ. ಸ್ಕ್ರೀನ್ ತಾನಾಗಿ ಮಂಕಾಗುವುದು, ಚಾರ್ಜ್ ಮಧ್ಯೆ ನಿಂತುಹೋಗುವುದು ನಿಮಗೂ ಆಗಿರಬೇಕು, ಅಲ್ವಾ? ಅದು ಫೋನ್ ಕೈ ಮುಗಿಯುವ ರೀತಿ. ಕ್ಯಾಮೆರಾಗೂ ಹ್ಯಾಂಡಲ್ ಒಳ್ಳೆಯದಲ್ಲ. ಬೈಕ್ ಎಂಜಿನ್ನಿನ ಅದುರು ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ನೋಡಿಕೊಳ್ಳುವ ಸ್ಟೆಬಿಲೈಸೇಶನ್ ಕೆಡಿಸಬಹುದು ಅಂತ ಆಪಲ್ 2021ರಲ್ಲಿ ತನ್ನ ಗ್ರಾಹಕರಿಗೆ ಹೇಳಿತ್ತು.

ಇನ್ನೊಂದು ಮಾತು. 14 ತಿಂಗಳಿಂದ ಒಂದೇ ದಾರಿ ಓಡಾಡುತ್ತಿದ್ದೀರಿ. ಕಾರವಾರದಿಂದ ಅಂಕೋಲಾಕ್ಕೆ ಹೆದ್ದಾರಿ 66 ಹಿಡಿದರೆ ಆಯ್ತು, ಮ್ಯಾಪ್ ಯಾಕೆ ಮಾರಾಯ್ರೆ? ಫೋನನ್ನು ಬ್ಯಾಗಿಗೆ ಹಾಕಿ. ಗಾಡಿಯ ಡಿಕ್ಕಿಗೆ ಮಾತ್ರ ಬೇಡ, ನಿಲ್ಲಿಸಿದ ಗಾಡಿಯ ಡಿಕ್ಕಿ ಬಿಸಿಲಲ್ಲಿ ಒಲೆಯೇ.

ಆದರೆ 86 ಅಂದರೆ ಗಾಬರಿಪಡುವ ನಂಬರೂ ಅಲ್ಲ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಸುಮಾರು ಒಂದು ಸೈಕಲ್ ಅಂದರೂ 14 ತಿಂಗಳಿಗೆ 420. ಸೈಕಲ್ ಅಂದರೆ ಎಷ್ಟು ಸಲ ಪಿನ್ ಚುಚ್ಚಿದಿರಿ ಅಂತಲ್ಲ. ಎರಡು ಸಲ 50 ಖರ್ಚು ಮಾಡಿದರೆ ಒಂದು ಸೈಕಲ್. ಐಫೋನ್ 14ರ ತನಕದ ಫೋನ್‌ಗಳಿಗೆ ಕಂಪನಿ ಹೇಳುತ್ತಿದ್ದದ್ದು 500 ಸೈಕಲ್‌ಗೆ 80 ಉಳಿಯುತ್ತದೆ ಅಂತ. 15ರಿಂದ ಅದನ್ನು 1000 ಮಾಡಿದರು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನ್‌ಗಳ ಬ್ಯಾಟರಿ 800 ಸೈಕಲ್ ಆದಮೇಲೂ 80 ಉಳಿಸಿಕೊಂಡಿರಬೇಕು ಅಂತ ಕಾನೂನೇ ಬಂದಿದೆ. 500ರ ಲೆಕ್ಕ ಹಿಡಿದರೆ ನಿಮ್ಮದು ಈಗ 83ರಲ್ಲಿ ಇರಬೇಕಿತ್ತು, ನೀವೇ ಮುಂದೆ. 800ರ ಲೆಕ್ಕ ಹಿಡಿದರೆ 89 ದಾಟಿರಬೇಕಿತ್ತು, ಸ್ವಲ್ಪ ಹಿಂದೆ. ಜೊತೆಗೆ ಆ ನಂಬರ್ ಫೋನ್ ಮಾಡಿಕೊಂಡ ಅಂದಾಜು, ಒಂದೆರಡು ಹೆಚ್ಚುಕಡಿಮೆ ಇರುತ್ತದೆ. 5000 ಎಂಎಎಚ್ ಬ್ಯಾಟರಿಯಾದರೆ ಇನ್ನೂ 4300 ಉಳಿದಿದೆ. ಸಂಜೆ ತನಕ ಬರುತ್ತದೋ ಇಲ್ಲವೋ ನೋಡಿ. ಬಂದರೆ ಆ ಪುಟ ತೆಗೆದು ನೋಡುವುದನ್ನೇ ಬಿಡಿ.

20-80 ನಿಯಮ ಸುಳ್ಳಲ್ಲ. ಮನೆಯಲ್ಲಿ ಸುಮ್ನೆ ಇರುವ ದಿನ 80ರ ಮಿತಿ ಹಾಕಿಡಿ, ಈಗ ಹೆಚ್ಚಿನ ಫೋನ್‌ಗಳ ಸೆಟ್ಟಿಂಗ್‌ನಲ್ಲೇ ಅದಿದೆ. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಗಾಗುವ ಹೊತ್ತಿಗೆ 100 ಮುಟ್ಟುವ ಹಾಗೆ ನಿಧಾನ ಮಾಡುವ ಆಯ್ಕೆಯೂ ಇರುತ್ತದೆ. ರಾತ್ರಿ ಹಾಕಿಟ್ಟರೆ ಓವರ್‌ಚಾರ್ಜ್ ಆಗಿ ಸ್ಫೋಟ ಆಗುತ್ತದೆ ಅನ್ನುವುದು ಹಳೇ ಭಯ, ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ದಿಂಬಿನಡಿ ಮಾತ್ರ ಇಡಬೇಡಿ. ತಿಂಗಳಿಗೊಮ್ಮೆ ಸೊನ್ನೆಗೆ ಇಳಿಸಿ ತುಂಬಿಸಿ ಅನ್ನುವ ಸಲಹೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ್ದು. ಸೋನಿಯವರು 1991ರಲ್ಲೇ ಲಿಥಿಯಂ-ಅಯಾನ್ ಬ್ಯಾಟರಿ ಮಾರಾಟಕ್ಕೆ ತಂದರು, ಸಲಹೆ ಮಾತ್ರ ಇನ್ನೂ ಹೋಗಿಲ್ಲ.

ಆದರೆ ಮಳೆಗಾಲದಲ್ಲಿ ನಾನೇ ಈ ನಿಯಮ ಮುರಿಯುತ್ತೇನೆ. ಜೂನ್-ಜುಲೈಯಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಘಟ್ಟದ ಮೇಲೆ ಎರಡು ದಿನ ಕರೆಂಟ್ ಇಲ್ಲ. ಆಗ 80ಕ್ಕೆ ನಿಲ್ಲಿಸಿ ಯಾರನ್ನು ಉಳಿಸಬೇಕು? 100 ತುಂಬಿಸಿ, ಪವರ್ ಬ್ಯಾಂಕೂ ತುಂಬಿಸಿ. ಹೊರಗೆ ತಂಪಿರುತ್ತದೆ, ಬ್ಯಾಟರಿಗೆ ಅಷ್ಟೇನೂ ಹೊಡೆತ ಇಲ್ಲ. ಮಳೆ ಶುರುವಿನ ಗುಡುಗು-ಸಿಡಿಲಿಗೆ ಮಾತ್ರ ಚಾರ್ಜರ್ ಕಿತ್ತಿಡಿ. ಆಗ ಸುಡುವುದು ಬ್ಯಾಟರಿ ಅಲ್ಲ, ಚಾರ್ಜರ್, ಕೆಲವು ಸಲ ಅದರ ಜೊತೆ ಫೋನಿನ ಚಾರ್ಜಿಂಗ್ ಐಸಿ, ಅಂದರೆ ಚಾರ್ಜ್ ನೋಡಿಕೊಳ್ಳುವ ಚಿಪ್.

ಕಾರವಾರದವರಿಗೆ ಇನ್ನೊಂದು ತೊಂದರೆ ಉಪ್ಪು. "ಬ್ಯಾಟರಿ ಹೋಯ್ತು, ಚಾರ್ಜೇ ಆಗ್ತಿಲ್ಲ" ಅಂತ ಬೋಟಿನವರು ತರುವ ಫೋನ್‌ಗಳಲ್ಲಿ ಎಷ್ಟೋ ಸಲ ಬ್ಯಾಟರಿ ಗಟ್ಟಿಯಾಗೇ ಇರುತ್ತದೆ. ಕಳೆದ ತಿಂಗಳು ತದಡಿ ಕಡೆಯವರೊಬ್ಬರ ಫೋನ್ ಬಂತು. ಚಾರ್ಜಿಂಗ್ ತೂತಿಗೆ ಬೆಳಕು ಬಿಟ್ಟು ಲೆನ್ಸಿನಲ್ಲಿ ನೋಡಿದರೆ ಜೇಬಿನ ನೂಲು, ಬಿಳಿ ಉಪ್ಪು ಸೇರಿ ತಳದಲ್ಲಿ ಗಟ್ಟಿಯಾಗಿ ಕೂತಿದೆ. ಎರಡು ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆ, ಹಿತ್ತಾಳೆ ಚೊಂಬಿಗೆ ಹುಣಸೆ ಕಾಣಿಸದೆ ಬಿಟ್ಟರೆ ಹಿಡಿಯುವಂಥದ್ದೇ. ಕೇಬಲ್ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಅರೆಬರೆ ತಾಗಿ ಬಿಸಿಯಾಗುತ್ತಿತ್ತು. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು, ಸ್ಪಿರಿಟ್ ಹಾಕಿದ ಬ್ರಷ್ ಆಡಿಸಿದ್ದಷ್ಟೇ. ಬ್ಯಾಟರಿ ಹೆಲ್ತ್ ನೋಡಿದರೆ 91! ಅವರು ಹೊಸ ಬ್ಯಾಟರಿಗೆ ಅಂತ ದುಡ್ಡು ಎಣಿಸಿಟ್ಟುಕೊಂಡೇ ಬಂದಿದ್ದರು. ತೂತು ಒದ್ದೆ ಇರುವಾಗ ಕೇಬಲ್ ಚುಚ್ಚಬೇಡಿ, ಕರೆಂಟ್ ಹರಿದರೆ ಈ ಕಿಲುಬು ಕೂಡಲೇ ಶುರು. ಒದ್ದೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವುದೂ ಬೇಡ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಗಾಳಿಗಿಡಿ, ಸಾಕು.

ಫಾಸ್ಟ್ ಚಾರ್ಜಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಫೋನಿನ ಜೊತೆಯದ್ದೋ ಅದೇ ಕಂಪನಿಯದ್ದೋ ಆದರೆ ಹೆದರಬೇಡಿ, ತುಂಬುತ್ತಾ ಬಂದ ಹಾಗೆ ಅದೇ ನಿಧಾನ ಆಗುತ್ತದೆ. ನಿಲ್ದಾಣದ ಹತ್ತಿರ ನೂರು ರೂಪಾಯಿಗೆ ಸಿಗುವ ಚಾರ್ಜರ್ ಬೇಡ. ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ ತಗೊಳ್ಳಿ.

ಬ್ಯಾಟರಿ ಬದಲಿಸುವ ದಿನ ಬಂದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ರಿಪೇರಿಯವನೇ ಹೀಗೆ ಹೇಳುತ್ತಾನಲ್ಲ ಅನ್ನಬಹುದು. ಡೂಪ್ಲಿಕೇಟ್ ಬ್ಯಾಟರಿ ಮೇಲೆ ಏನು ಬೇಕಾದರೂ ಪ್ರಿಂಟ್ ಮಾಡಿರುತ್ತಾರೆ, ನನಗೂ ಎಷ್ಟೋ ಸಲ ಮೋಸ ಆಗಿದೆ. ಸ್ಕ್ರೀನಿನ ಅಂಚು ಎದ್ದು ಸಂದಿಯಿಂದ ಬೆಳಕು ಕಂಡರೆ, ಹಿಂದಿನ ಮುಚ್ಚಳ ಉಬ್ಬಿ ಫೋನ್ ಮೇಜಿನ ಮೇಲೆ ಬುಗುರಿ ಹಾಗೆ ತಿರುಗಿದರೆ, ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಆಗ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಳಗಿರುವುದು ಬೆಂಕಿ ಹಿಡಿಯುವ ಗಾಳಿ. ಹಳೇ ಬ್ಯಾಟರಿಯನ್ನು ಬಚ್ಚಲ ಒಲೆಗೆ ಹಾಕಿದವರನ್ನೂ ನೋಡಿದ್ದೇನೆ, ಅದೃಷ್ಟ ಚೆನ್ನಾಗಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು, ಸರ್ವಿಸ್ ಸೆಂಟರಿನಲ್ಲೇ ಕೊಟ್ಟು ಬನ್ನಿ.

ಮಾವನ ಫೋನಿಗೆ ಮೂರನೇ ಬ್ಯಾಟರಿ ಹಾಕಿ ಈಗ ಎರಡೂವರೆ ವರ್ಷ. ಮನೆಯಲ್ಲಿ ಮೊಮ್ಮಕ್ಕಳಿಗೆ ಅಂತ ಫೈಬರ್ ವೈಫೈ ಹಾಕಿಸಿದ್ದರು, ಆದರೆ ಫೋನಿನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಬಟನ್ ಇದೆ ಅಂತ ಯಾರೂ ಹೇಳಿರಲಿಲ್ಲ. ಅದನ್ನು ಆನ್ ಮಾಡಿಕೊಟ್ಟೆ. ಈಗ ಟವರ್ ಬೇಕಾಗಿಲ್ಲ, ಫೋನ್ ಜಗಲಿಯ ತಂಪಿನಲ್ಲಿ ಕವಳದ ತಟ್ಟೆಯ ಪಕ್ಕ ಇರುತ್ತದೆ. ಕಿಟಕಿಯ ಹಲಗೆಯ ಮೇಲೆ ಅತ್ತೆ ಸಂಡಿಗೆ ಒಣಗಿಸುತ್ತಾರೆ.